ಎಡಬಾಗಿಲ ಐಬು

ನಮ್ಮೂರಿನಲ್ಲಿ ಬೆಳಗಿನ ಹತ್ತೂಮುಕ್ಕಾಲಿನಿಂದ ಹನ್ನೊಂದರವರೆಗೆ ಯಾರೂ ರಸ್ತೆ ದಾಟುವುದಿಲ್ಲ. ಸುಳ್ಳು ಹೇಳಿ ಮಾರಿದ ಸಾಮಾನುಗಳು ಮಾರಿದವರ ಮನೆಗೆ ವಾಪಸಾಗುವ ಹೊತ್ತು ಅದು. ಇವತ್ತು ಸುಳ್ಳಿನ ಮೇಲೆ ಮಾರಿದ್ದು ನಾಳೆ ಹನ್ನೊಂದಕ್ಕೆ ಬಟ್ಟೆ ಗಿರಣಿಯ ಸೈರನ್ ಕೂಗುವುದರೊಳಗೆ ಹೊಸ್ತಿಲ ಮುಂದೆ ಬಂದು ನಿಂತಿರುತ್ತದೆ, ಕೊಂಡವರಿಗೆ ದುಡ್ಡು ತಿರುಗಿ ಕೊಡಬೇಕು. ಕಬ್ಬಿಣದ ಬೀರು ಒಂದೊಂದೇ ಕಾಲು ಎತ್ತಿಡುತ್ತ ಬರುತ್ತದೆ. ಹೊಲಿಗೆ ಮಿಷನ್ನು ತನ್ನ ಪೆಡಲನ್ನು ತಾನೇ ತುಳಿದುಕೊಂಡು ಬರುತ್ತದೆ. ರುಬ್ಬುವ ಕಲ್ಲು ಉರುಳಿಕೊಂಡು ಬರುವುದರಿಂದ ಅದಕ್ಕೆ ಮಾತ್ರ ಪೊಲೀಸಿನವನೊಬ್ಬ ಮುಂದೆ ಸೀಟಿ ಊದುತ್ತ ಓಡುತ್ತಾನೆ. ಹೀಗೇಕೆ ಎಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಗಿರಣಿ ಮುಚ್ಚಿ ಇಪ್ಪತ್ತು ವರ್ಷವಾದರೂ ಸೈರನ್ ಯಾಕೆ ಕೂಗುತ್ತದೆ ಎಂದೂ ಕೇಳಿದ್ದಿಲ್ಲ.

ಇದರಿಂದಾಗಿ ನಮ್ಮಲ್ಲಿ ಮಾರುವವರು ಮೊದಲು ಐಬು ಓದಬೇಕು. ಬಸ್ ಸ್ಟ್ಯಾಂಡಿನ ಎದುರು ಒಂದು ಕಲ್ಲುಕಟ್ಟೆ ಇದೆ, ಅದಕ್ಕೆ ಐಬುಕಟ್ಟೆ ಎಂದೇ ಹೆಸರು. ಅದರ ಮೇಲೆ ನಿಂತು, ಮೈಕ್‌ಸೆಟ್ಟಿನ ಗನಿಸಾಬರ ಮೈಕು ಹಿಡಿದು, ಮಾರುವ ವಸ್ತುವಿನಲ್ಲಿ ಏನೇನು ಕೆಟ್ಟಿದೆ ಎಂದು ಊರಿಗೆಲ್ಲ ಕೇಳುವಂತೆ ಓದಿ ಹೇಳಿದ ಮೇಲೆಯೇ ವ್ಯಾಪಾರ. ಗನಿಸಾಬರು ನೀರಿನ ಟ್ಯಾಂಕಿನ ಮೇಲೆ ನಾಲ್ಕು ಹಾರ್ನು ಕಟ್ಟಿಸಿದ್ದಾರೆ, ಗಾಳಿ ಚೆನ್ನಾಗಿದ್ದರೆ ಹೊಳೆಯಾಚೆಯ ಊರಿಗೂ ಕೇಳುತ್ತದೆ. ಹನ್ನೊಂದಕ್ಕೆ ಯಾರ ಮನೆಗೆ ಏನು ವಾಪಸ್ ಬಂತು ಎಂದು ಅದೇ ಮೈಕಿನಲ್ಲಿ ಹೇಳುವುದೂ ಅವರೇ. ಅವರಿಗೆ ಆ ಕೆಲಸದಲ್ಲಿ ವಿಪರೀತ ಆಸಕ್ತಿ.

ನಾನು ಕೊಟ್ರೇಶ. ಐಬುಕಟ್ಟೆಯ ಪಕ್ಕದ ಮನೆಯೇ ನನ್ನದು, ಮನೆಯ ಮುಂದೆಯೇ ಇಪ್ಪತ್ತಾರು ವರ್ಷದಿಂದ ಸೆಕೆಂಡ್ ಹ್ಯಾಂಡ್ ಗಾಡಿಗಳ ವ್ಯಾಪಾರ. ಅಷ್ಟು ವರ್ಷದಲ್ಲಿ ನನಗೆ ವಾಪಸ್ ಬಂದದ್ದು ಒಂದೇ ಒಂದು ಸ್ಕೂಟರು. ಒಬ್ಬರೇ ಓಡಿಸಿದ್ದು ಎಂದಿದ್ದೆ, ಅವರ ಅಳಿಯನೂ ಓಡಿಸಿದ್ದನಂತೆ. ಇಂಥ ನನ್ನ ಬಗ್ಗೆ ಊರಿಗೆ ಗೌರವವಿತ್ತು ಎಂದು ನಾನೇ ಹೇಳಿಕೊಂಡರೆ ತಪ್ಪೇನಿಲ್ಲ. ಆ ಕೆಂಪು ಕಾರು ಬರುವವರೆಗೆ ಇತ್ತು.

ಹನ್ನೊಂದು ವರ್ಷದ ಹಿಂದೆ ಒಬ್ಬ ಕಲ್ಲುಕ್ವಾರಿಯ ಸಾಹುಕಾರ ಊರು ಬಿಟ್ಟು ಹೊರಟ. ಅವನ ಹತ್ತಿರ ಪರದೇಶದ ಒಂದು ಕಾರಿತ್ತು. ಎತ್ತರ ನನ್ನ ಸೊಂಟದವರೆಗೆ, ಬಾಗಿಲು ತೆರೆದರೆ ಪಕ್ಕಕ್ಕಲ್ಲ, ಮೇಲಕ್ಕೆ ಹೋಗುತ್ತಿದ್ದವು. ಅವನು ಕಟ್ಟೆ ಹತ್ತಿ ಒಂದೇ ಮಾತು ಓದಿದ: "ಎರಡು ಬಾಗಿಲು ಬಿಟ್ರೆ ಇದರಲ್ಲಿ ಸರಿಯಾಗಿರೋದು ಏನೂ ಇಲ್ಲ." ದೊಡ್ಡವರು ಹೀಗೆಯೇ ವಿನಯದಿಂದ ಮಾತಾಡುತ್ತಾರೆ ಎಂದುಕೊಂಡೆ. ನಮ್ಮದೊಂದು ಸೈಟಿತ್ತು, ಅಲ್ಲಿ ಮನೆ ಕಟ್ಟಬೇಕೆಂದು ನನ್ನ ಹೆಂಡತಿ ಸರ್ವಮಂಗಳ ನೋಟುಬುಕ್ಕಿನಲ್ಲಿ ಅಡುಗೆಮನೆಯ ನಕ್ಷೆಯನ್ನೂ ಬರೆದಿಟ್ಟುಕೊಂಡಿದ್ದಳು. ಆ ಸೈಟು ಕೊಟ್ಟು ಕಾರು ತಂದೆ. ಮರುದಿನ ಅದು ಸಾಹುಕಾರನ ಮನೆಗೆ ವಾಪಸ್ ಹೋಗಲಿಲ್ಲ. ಅಷ್ಟು ನಿಜ ಹೇಳಿದ್ದ ಪುಣ್ಯಾತ್ಮ.

ನನ್ನ ಲೆಕ್ಕ ಸರಳವಾಗಿತ್ತು. ಇಂಥ ಕಾರಿಗೆ ವಯಸ್ಸಾದಷ್ಟೂ ರೀಸೇಲ್ ವ್ಯಾಲ್ಯೂ ಏರುತ್ತದೆ, ಆದರೆ ಓಡಿಸಿದಷ್ಟೂ ಇಳಿಯುತ್ತದೆ ಎಂದು ಎಲ್ಲೋ ಓದಿದ್ದೆ. ಹಾಗಾಗಿ ಓಡಿಸದೆ ಇಟ್ಟೆ. ಓಡಿಸುತ್ತೇನೆ ಎಂದರೂ ಅದು ಓಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಸ್ಟಾರ್ಟ್ ಆಗಿದೆ, ನಾಲ್ಕು ಸಲವೂ ನಾನು ಸ್ನಾನಕ್ಕೆ ಹೋಗಿದ್ದಾಗ. ಒಂದು ಬೋಲ್ಟ್ ಬೇಕಾದರೂ ಸಮುದ್ರ ದಾಟಿ ಬರಬೇಕು. ನಮ್ಮೂರ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತಿ ನೋಡಿ, ಕೈಮುಗಿದು, ನಿಧಾನವಾಗಿ ಇಳಿಸಿ ಹೋಗುತ್ತಿದ್ದರು. ಬಿಸಿಲಿಗೆ ಬಣ್ಣ ಹೋದರೆ ವ್ಯಾಲ್ಯೂ ಹೋಯಿತು ಎಂದು ಮುಂದಿನ ಗೋಡೆ ಒಡೆಸಿ ಅದನ್ನು ನಡುಮನೆಯೊಳಗೆ ನಿಲ್ಲಿಸಿದೆ. ಟಿವಿಯನ್ನು ಬಾನೆಟ್ಟಿನ ಮೇಲಿಂದ ನೋಡುತ್ತಿದ್ದೆವು. ಸರ್ವಮಂಗಳ ಅಡುಗೆಮನೆಗೆ ಹೋಗಬೇಕಾದರೆ ಹಿತ್ತಲಿಗೆ ಹೋಗಿ ಬಚ್ಚಲಮನೆಯ ಮೂಲಕ ಬರಬೇಕಾಗಿತ್ತು.

ಕಾರು ಬಂದ ದಿನ ಅವಳು ಮದುವೆಯ ರೇಷ್ಮೆ ಸೀರೆ ಉಟ್ಟು, ಟೈರಿನ ಕೆಳಗಿಡಲು ನಿಂಬೆಹಣ್ಣು ಹಿಡಿದು, ಎಡಬಾಗಿಲ ಹತ್ತಿರ ಬಂದು ನಿಂತಳು. ಆದರೆ ಎಡಬಾಗಿಲು ಹಿಡಿದುಬಿಟ್ಟಿತ್ತು, ತೆರೆಯುತ್ತಿರಲಿಲ್ಲ. ರಿಪೇರಿ ಮಾಡಿಸುತ್ತೇನೆ ಎಂದೆ. ಅವಳು ನಿಂಬೆಹಣ್ಣನ್ನು ಒಳಗೆ ತೆಗೆದುಕೊಂಡು ಹೋಗಿ ಚಿತ್ರಾನ್ನ ಮಾಡಿದಳು. ಆಮೇಲೆ ವರ್ಷಕ್ಕೆ ಒಂದು ಸಲ, ಯುಗಾದಿಯ ದಿನ, "ಬಾಗಿಲು ಸರಿ ಆಯ್ತೇನ್ರಿ?" ಎಂದು ಕೇಳುತ್ತಿದ್ದಳು. ಸಾಮಾನು ಬರಬೇಕು ಎನ್ನುತ್ತಿದ್ದೆ.

ನಾಲ್ಕು ತಿಂಗಳ ಹಿಂದೆ ಅವಳ ತಮ್ಮ ಮುರಿಗೇಶನ ಮಗಳನ್ನು ನೋಡಲು ಗಂಡಿನವರು ನಮ್ಮ ಮನೆಗೆ ಬಂದರು. ಅವತ್ತೊಂದು ದಿನ ಕಾರನ್ನು ಹೊರಗೆ ತಳ್ಳಿಸಿ ಎಂದು ಸರ್ವಮಂಗಳ ಒಂದು ವಾರದಿಂದ ಹೇಳಿದ್ದಳು. ಧೂಳಿನ ಕಾಲ, ನಾನು ತಳ್ಳಿಸಲಿಲ್ಲ. ಹನ್ನೆರಡು ಜನ ಗೋಡೆಗೆ ಅಂಟಿಕೊಂಡು ಕಾರಿನ ಸುತ್ತ ಕೂತರು. ಹುಡುಗಿ ಇತ್ತಕಡೆ, ಹುಡುಗ ಅತ್ತಕಡೆ, ಇಬ್ಬರಿಗೂ ಒಬ್ಬರ ಕೂದಲು ಮಾತ್ರ ಇನ್ನೊಬ್ಬರಿಗೆ ಕಾಣುತ್ತಿತ್ತು. ಹುಡುಗನ ಅಜ್ಜ ಮೇಲೇಳಲು ಬಾನೆಟ್ಟಿಗೆ ಕೈ ಊರಿದಾಗ ನಾನು, "ಕೈ ತೆಗೀರಿ! ರೀಸೇಲ್ ಹೋಯ್ತು!" ಎಂದು ಕೂಗಿಬಿಟ್ಟೆ. ಅವರು ಉಪ್ಪಿಟ್ಟು ಬಿಟ್ಟು ಎದ್ದುಹೋದರು. ಅರ್ಧ ಗಂಟೆಯಲ್ಲಿ ಸರ್ವಮಂಗಳ ಬಚ್ಚಲಮನೆಯ ಕಡೆಯಿಂದ ಚೀಲ ಹಿಡಿದುಕೊಂಡು ಬಂದಳು.

"ಇದು ಹೋದ ದಿನ ನಾನು ಬರ್ತೀನಿ. ಅಲ್ಲೀತನಕ ಇದ್ರ ಕೈಲೇ ಅಡುಗೆ ಮಾಡಿಸ್ಕೊಂಡು ಉಣ್ರಿ," ಎಂದು ತಮ್ಮನ ಜೊತೆ ಹೊಳೆಯಾಚೆಗೆ ಹೋದಳು.

ಮೊದಲ ವಾರ ಸಿಟ್ಟಿನಲ್ಲಿ ಕಳೆಯಿತು. ಎರಡನೆಯ ವಾರ ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲಿ ಕಳೆಯಿತು. ಮೂರನೆಯ ವಾರ ಒಂದು ಸಂಜೆ ಟಿವಿಯಲ್ಲಿ ಏನೋ ತಮಾಷೆ ಬಂತು, ನಗುತ್ತ ಬಾನೆಟ್ಟಿನ ಆಚೆ ತಿರುಗಿದೆ, ಯಾರೂ ಇರಲಿಲ್ಲ. ಮರುದಿನ ಬೆಳಗ್ಗೆಯೇ ಐಬುಪಟ್ಟಿ ಬರೆಯಲು ಕೂತೆ.

ಮೂವತ್ತೆರಡು ಐಬು ಆಯಿತು. ಕಟ್ಟೆ ಹತ್ತಿ ಎಲ್ಲವನ್ನೂ ಓದಿದೆ. ಒಬ್ಬ ಹಲ್ಲಿನ ಡಾಕ್ಟರು ಕೊಂಡು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಹೋದರು. ನಾನು ಖಾಲಿಯಾದ ನಡುಮನೆ ಗುಡಿಸಿ, ರಂಗೋಲಿ ಬಾರದಿದ್ದರೂ ಹೊಸ್ತಿಲ ಮುಂದೆ ನಾಲ್ಕು ಗೆರೆ ಎಳೆದು, ಮುರಿಗೇಶನಿಗೆ ಫೋನು ಮಾಡಿ ಹೇಳಿದೆ. ಮರುದಿನ ಹತ್ತೂಐವತ್ತಕ್ಕೆ ಪೇಟೆಬೀದಿಯ ಕಡೆಯಿಂದ ಒಂದು ಗುಡುಗು ಕೇಳಿತು. ಅಂಥ ಚಂದದ ಶಬ್ದವನ್ನು ನಾನು ಆ ಎಂಜಿನ್ನಿನಿಂದ ಎಂದೂ ಕೇಳಿರಲಿಲ್ಲ. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದ ಕಾರು, ಒಳಗೆ ಯಾರೂ ಇಲ್ಲದೆ, ರೋಡ್ ಹಂಪುಗಳನ್ನು ಓರೆಯಾಗಿ ನಾಜೂಕಿನಿಂದ ದಾಟುತ್ತ ಬಂದು, ನನ್ನ ರಂಗೋಲಿಯ ಮೇಲೆ ನಿಂತು, ಆರಿತು.

"ಕೊಟ್ರೇಶಪ್ಪೋರ ಮನೆಗೆ ಕೆಂಪು ಕಾರು ವಾಪಸ್!" ಎಂದು ಗನಿಸಾಬರು ನಾಲ್ಕೂ ಹಾರ್ನಿನಲ್ಲಿ ಕೂಗಿದರು.

ಯಾವುದೋ ಐಬು ಮರೆತಿದ್ದೇನೆ ಎಂದು ತಿಳಿದೆ. ನಮ್ಮೂರಲ್ಲಿ ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. ಮತ್ತೆ ಇಡೀ ದಿನ ಕಾರಿನ ಕೆಳಗೆ ಮಲಗಿ ಹುಡುಕಿದೆ. ಗಡಿಯಾರ ಯಾವುದೋ ಬೇರೆ ದೇಶದ ಹೊತ್ತು ತೋರಿಸುತ್ತದೆ ಎಂದು ಬರೆದೆ. ಹಾರ್ನು ಒತ್ತಿದರೆ ಡಿಕ್ಕಿ ತೆರೆಯುತ್ತದೆ, ಡಿಕ್ಕಿ ಮುಂದುಗಡೆ ಇದೆ ಎಂದು ಬರೆದೆ. ವೈಪರು ಬೇಸಿಗೆಯಲ್ಲಿ ಮಾತ್ರ ಆಡುತ್ತದೆ, ಒಳಗೆ ಕೂತವರಿಗೆ ತಾವು ಸಾಹುಕಾರರು ಎನ್ನುವ ಭ್ರಮೆ ಬರುತ್ತದೆ, ಇಳಿದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ ಎಂದೂ ಬರೆದೆ. ಪಟ್ಟಿ ನಲವತ್ತೇಳಕ್ಕೆ ಹೋಯಿತು, ಅರವತ್ತೊಂದಕ್ಕೆ ಹೋಯಿತು. ಅಷ್ಟು ಸಲವೂ ಮಾರಿದೆ, ಅಷ್ಟು ಸಲವೂ ಹತ್ತೂಐವತ್ತಕ್ಕೆ ಬಂತು.

ವಿಚಿತ್ರವೆಂದರೆ ಕೊಳ್ಳುವವರಿಗೆ ಕೊರತೆಯಾಗಲಿಲ್ಲ. ಕಾರು ಹೇಗಿದ್ದರೂ ವಾಪಸ್ ಬರುತ್ತದೆ ಎಂದು ಗೊತ್ತಾದ ಮೇಲೆ ಜನರಿಗೆ ಅದರ ಮೇಲೆ ಭರವಸೆ ಹುಟ್ಟಿತು. ಊರಿಗೆ ಬರುವ ಬಸ್ಸು ಕೈಕೊಡಬಹುದು, ಈ ಕಾರು ಕೈಕೊಡುವುದಿಲ್ಲ. ದೂರದ ನೆಂಟರ ಹೆಸರಿನಲ್ಲಿ ಒಂದು ದಿನದ ಮಟ್ಟಿಗೆ ಕೊಳ್ಳುವುದು, ಅಲ್ಲಿಂದ ಅದು ವಾಪಸ್ ಹೊರಡುವಾಗ ಡ್ರೈವರ್ ಸೀಟಿನ ಮೇಲೆ ಹಲಸಿನ ಹಣ್ಣು, ಬಾಣಂತಿಯ ಔಷಧ, ಮದುವೆ ಕಾರ್ಡುಗಳ ಕಟ್ಟು ಇಟ್ಟು ಕಳಿಸುವುದು ಶುರುವಾಯಿತು. ಎಡಗಡೆ ಸೀಟು ಮಾತ್ರ ಖಾಲಿಯೇ ಬರುತ್ತಿತ್ತು. ಆ ಬಾಗಿಲು ತೆರೆಯುವುದಿಲ್ಲ ಎಂದು ನಾನು ಓದಿದ್ದೆನಲ್ಲ. ನಮ್ಮೂರಲ್ಲಿ ಓದಿದ ಐಬನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಇಲ್ಲದ ಐಬನ್ನು ಇದೆ ಎಂದು ಯಾವ ಹುಚ್ಚ ಹೇಳುತ್ತಾನೆ?

ಕಾರಿನ ಬೆಲೆ ಏರಿತು. ಹನ್ನೊಂದು ವರ್ಷ ನಾನು ಕಾದ ರೀಸೇಲ್ ವ್ಯಾಲ್ಯೂ ಕೊನೆಗೂ ಬಂದಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ. ಕಾರು ವಾಪಸ್ ಬಂದಾಗಲೆಲ್ಲ ಹನ್ನೊಂದೂಕಾಲಿಗೆ ಮುರಿಗೇಶನ ಫೋನು ಬರುತ್ತಿತ್ತು. "ಭಾವ, ಅಕ್ಕ ಮಾಳಿಗೆ ಮೇಲೆ ನಿಂತು ಹಾರ್ನು ಕೇಳ್ತಾಳೆ. ಗನಿಸಾಬ್ರು ಕೂಗಿದ ಕೂಡ್ಲೆ ಇಳಿದು ಬಂದು ಪಾತ್ರೆ ಕುಕ್ತಾಳೆ. ನಮ್ಮನೆ ಪಾತ್ರೆ ಎಲ್ಲ ನೆಗ್ಗಿ ಹೋದ್ವು."

ಏಳನೆಯ ಸಲ ಕೊಂಡವನು ಹೊರವಲಯದ ಒಬ್ಬ ಹಿಟ್ಟಿನ ಗಿರಣಿಯವನು. ಮರುದಿನ ಎಂದಿನ ಹೊತ್ತಿಗೆ ಕಾರು ಬಂತು. ಜನ ಪಾರ್ಸೆಲ್ ಇಳಿಸಿಕೊಳ್ಳಲು ಮುಂದೆ ಹೋದವರು ಹಾಗೆಯೇ ನಿಂತರು. ಎಡಗಡೆಯ ಸೀಟಿನಲ್ಲಿ, ಪ್ಲಾಸ್ಟಿಕ್ಕಿನ ಮೇಲೆ, ಎಲೆಅಡಿಕೆ ಜಗಿಯುತ್ತ ಗಿರಣಿಯವನ ತಾಯಿ ತಿಪ್ಪಮ್ಮ ಕೂತಿದ್ದರು. ಆ ಅಜ್ಜಿಗೆ ಎರಡೂ ಕಿವಿ ಕೇಳುವುದಿಲ್ಲ.

ಗನಿಸಾಬರು ಮೈಕು ಹಿಡಿದುಕೊಂಡೇ ಓಡಿ ಬಂದರು. "ಅಜ್ಜಿ! ಎಡಗಡೆ ಹೆಂಗೆ ಹತ್ತಿದ್ರಿ?" ಎಂದು ಕೈಸನ್ನೆ ಸೇರಿಸಿ ಕೂಗಿದರು.

"ಬಾಗಿಲು ತೆಗೆದು ಹತ್ತಿದೆ. ಇನ್ನೆಂಗೆ ಹತ್ತಾರೆ?" ಎಂದ ತಿಪ್ಪಮ್ಮ ಒಂದು ಬೆರಳಿನಿಂದ ಬಾಗಿಲು ನೂಕಿದರು. ಅದು ಸದ್ದಿಲ್ಲದೆ, ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ, ಮೇಲಕ್ಕೆ ಹೋಗಿ ನಿಂತಿತು.

ಎಡಬಾಗಿಲು ಹಿಡಿದುಬಿಟ್ಟಿತ್ತು ಎಂದು ನಾನು ಮೇಲೆ ನಿಮಗೆ ಹೇಳಿದೆನಲ್ಲ, ಅದು ಸುಳ್ಳು. ನಿಮಗೂ ಅದನ್ನೇ ಹೇಳಿದೆ, ನೋಡಿ. ಆ ದಿನ ಸರ್ವಮಂಗಳ ರೇಷ್ಮೆ ಸೀರೆಯಲ್ಲಿ ಬಂದು ನಿಂತಾಗ ನನ್ನ ಕಣ್ಣು ಹೋದದ್ದು ಸೀಟಿನ ಮೇಲೆ. ಕಂಪನಿಯ ಪ್ಲಾಸ್ಟಿಕ್ಕು ಇನ್ನೂ ಹರಿದಿರಲಿಲ್ಲ. ಯಾರೂ ಕೂರದ ಸೀಟಿದ್ದರೆ ಬೆಲೆ ಎರಡು ಪಟ್ಟು ಎಂದು ಕೇಳಿದ್ದೆ. ಬಾಯಿ ತಾನಾಗಿ ಬಾಗಿಲು ಹಿಡಿದಿದೆ ಎಂದಿತು. ಮುಂದಿನ ಯುಗಾದಿಗೆ ಮತ್ತೆ ಹೇಳಿದೆ, ಅದರ ಮುಂದಿನದಕ್ಕೆ ಮತ್ತೆ. ಹನ್ನೊಂದು ಯುಗಾದಿ ಹೇಳಿದ ಮೇಲೆ ನನಗೇ ಅದು ನಿಜವಾಗಿಬಿಟ್ಟಿತ್ತು. ಐಬುಪಟ್ಟಿ ಬರೆಯುವಾಗ ಕೈ ತಡೆಯದೆ ಅದನ್ನು ಬರೆಯಿತು, ಮೊಟ್ಟಮೊದಲನೆಯ ಐಬಾಗಿ.

"ಐಬು ಮುಚ್ಚಿಟ್ಟೋರನ್ನ ನೋಡೀನಿ," ಎಂದರು ಗನಿಸಾಬರು, ತಮ್ಮ ಕೈಯಲ್ಲಿ ಮೈಕಿರುವುದನ್ನು ಮರೆತು. "ಸರಿಯಾಗಿರೋದಕ್ಕೆ ಐಬು ಹಚ್ಚಿದೋರನ್ನ ನಮ್ಮಪ್ಪನ ಕಾಲದಾಗೂ ಕೇಳಿಲ್ಲ. ಯಾಕ್ ಹಂಗಂದ್ರಿ ಕೊಟ್ರೇಶಪ್ಪ?"

"ಸರ್ವಮಂಗಳ ಕೂತ್ರೆ ಸೀಟು ಹಾಳಾಗುತ್ತೆ ಅಂತ," ಎಂದೆ. ನಾಲ್ಕು ಹಾರ್ನುಗಳೂ ಅದನ್ನು ಹೊಳೆಯಾಚೆಗೆ ಒಯ್ದವು. ಅವತ್ತು ಗಾಳಿ ಬಹಳ ಚೆನ್ನಾಗಿತ್ತು.

ಆ ದಿನ ಹನ್ನೊಂದೂಕಾಲಿಗೆ ಫೋನು ಬರಲಿಲ್ಲ. ಹನ್ನೆರಡಕ್ಕೆ ನಾನೇ ಮಾಡಿದೆ. ಮುರಿಗೇಶ ಸಣ್ಣ ದನಿಯಲ್ಲಿ, "ಭಾವ, ಅಕ್ಕ ಪಾತ್ರೆ ಕುಕ್ಕಲಿಲ್ಲ. ಸುಮ್ನೆ ಕೂತಾಳೆ. ನನಗೆ ಹೆದರಿಕೆ ಆಗ್ತೈತೆ," ಎಂದ. ಈಗ ಕಾರು ವಾಪಸ್ ಬರುವ ಕಾರಣ ಸಿಕ್ಕಿತ್ತು, ಪಟ್ಟಿಯ ಮೊದಲ ಸಾಲು ಹೊಡೆದುಹಾಕಿದರೆ ನಾಳೆಯೇ ಮಾರಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕಾರು ಹೋದರೂ ಅವಳು ಬರುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಬಸ್ಸು ಹತ್ತಿದೆ.

ಸರ್ವಮಂಗಳ ತಮ್ಮನ ಮನೆಯ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಮೊರ ಸ್ವಲ್ಪ ಆಚೆ ಸರಿಸಿದಳು, ಕೂರಲು ಹೇಳಲಿಲ್ಲ.

"ತಪ್ಪಾಯ್ತು," ಎಂದೆ. "ನೀನು ಇಲ್ದೆ ಆ ಮನೇಲಿ ಇರೋಕಾಗಲ್ಲ. ಬಾ."

"ಬಾಗಿಲು ಹಿಡಿದೈತೆ ಅಂದಾಗ್ಲೂ ಇದೇ ದನಿಯಾಗೆ ಅಂದಿದ್ರಿ," ಎಂದಳು. ಅವಳು ನಾಲ್ಕು ಹಣ್ಣಿನ ಬೀಜ ಬಿಡಿಸಿ ಮೊರಕ್ಕೆ ಹಾಕಿದಳು.

"ಮಾರ್ರಿ ಅದನ್ನ. ನಮ್ಮ ಮುರಿಗೇಶಂಗೇ ಮಾರ್ರಿ," ಎಂದಳು ಆಮೇಲೆ. "ಪಟ್ಟಿ ಬ್ಯಾಡ. ಕಟ್ಟೆ ಮೇಲೆ ಒಂದೇ ಮಾತು ಓದ್ರಿ. 'ಸರ್ವಮಂಗಳ ಮನೆಗೆ ಬರೋದು ನನಗೆ ಬೇಕಾಗಿಲ್ಲ' ಅಂತ ಓದ್ರಿ."

"ಹಂಗ್ಯಾಕೆ ಓದಲಿ?"

"ಅದು ಸುಳ್ಳಾಗಿದ್ರೆ ಗಾಡಿ ನಿಮ್ಮ ಮನೆಗೆ ಬರುತ್ತೆ. ನಾನು ಎಡಗಡೆ ಕೂತಿರ್ತೀನಿ. ನಿಜ ಆಗಿದ್ರೆ ಅದು ಇಲ್ಲೇ ನಿಂತಿರುತ್ತೆ, ನಾನೂ ಇಲ್ಲೇ ಇರ್ತೀನಿ. ನಿಮ್ಮ ಮಾತು ಕೇಳಿ ಹನ್ನೊಂದು ವರ್ಷ ಆಯ್ತು. ಇನ್ನ ಗಾಡಿ ಏನಂತದೆ ಕೇಳಾಣ."

ಮರುದಿನ ನಾನು ಕಟ್ಟೆ ಹತ್ತುವಾಗ ಬಸ್ಸುಗಳೂ ಹೊರಡದೆ ನಿಂತಿದ್ದವು. ಅವಳು ಹೇಳಿದ ಆ ಒಂದೇ ಮಾತು ಓದಿದೆ. ಮುರಿಗೇಶ ತಂದಿದ್ದ ಎತ್ತುಗಳಿಗೆ ಕಾರು ಕಟ್ಟುವ ಮೊದಲು ನಾನು ಎಡಬಾಗಿಲು ಎತ್ತಿ, ಸೀಟಿನ ಪ್ಲಾಸ್ಟಿಕ್ಕನ್ನು ಹರಿದು ತೆಗೆದೆ. ಹನ್ನೊಂದು ವರ್ಷಕ್ಕೆ ಅದು ಚರ್ಮಕ್ಕೆ ಅಂಟಿಹೋಗಿತ್ತು, ಎಳೆದಾಗ ಕೆಂಪು ಬಣ್ಣವೂ ಅಲ್ಲಲ್ಲಿ ಕಿತ್ತು ಬಂತು. ಸುತ್ತ ನಿಂತವರು ಲೊಚಗುಟ್ಟಿದರು. ನನಗೆ ಏನೂ ಅನಿಸಲಿಲ್ಲ.

ಅದರ ಮಾರನೆಯ ಬೆಳಗ್ಗೆ ಒಂಬತ್ತಕ್ಕೇ ಹೊಸ್ತಿಲ ಮೇಲೆ ಕೂತೆ. ನನಗೆ ಹೆದರಿಕೆ ಇದ್ದದ್ದು ಕಾರಿನ ಬಗ್ಗೆ ಅಲ್ಲ, ನನ್ನ ಬಗ್ಗೆ. ಒಂದು ಸುಳ್ಳನ್ನು ಹನ್ನೊಂದು ವರ್ಷ ನಿಜವೆಂದೇ ನಂಬಿದ್ದ ಮನುಷ್ಯ ನಾನು. ಅವಳು ಬೇಕು ಬೇಕು ಎಂದು ನಾಲ್ಕು ತಿಂಗಳಿಂದ ಹೇಳಿಕೊಳ್ಳುತ್ತಿರುವುದೂ ಅಂಥದ್ದೇ ಒಂದಾಗಿದ್ದರೆ? ಉಪ್ಪು ಸಿಗಲಿಲ್ಲವೆಂದು ಬೇಕಾಗಿದ್ದರೆ? ಒಳಗಿರುವುದು ಏನೆಂದು ನನಗಿಂತ ಆ ಹಾಳು ಕಾರಿಗೆ ಚೆನ್ನಾಗಿ ಗೊತ್ತು.

ಹತ್ತೂಐವತ್ತಾಯಿತು. ಯಾರದೋ ಮಂಚವೊಂದು ಕುಂಟುತ್ತ ಹೋಯಿತು, ಅದನ್ನು ಯಾರೂ ನೋಡಲಿಲ್ಲ. ಹತ್ತೂಐವತ್ತೈದಾಯಿತು. ಗನಿಸಾಬರು ಮೈಕಿನ ಮೇಲೆ ಅಂಗೈ ಮುಚ್ಚಿಕೊಂಡು ನಿಂತಿದ್ದರು. ಸೈರನ್ ಕೂಗಿತು, ಪೂರ್ತಿ ಕೂಗಿ ನಿಂತಿತು. ಬೀದಿ ಖಾಲಿಯಿತ್ತು. ನಮ್ಮೂರಿನಲ್ಲಿ ಸೈರನ್ ಆದ ಮೇಲೆ ಬಂದದ್ದು ಏನೂ ಇಲ್ಲ. ಜನ ನನ್ನ ಮುಖ ನೋಡಲಾರದೆ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡರು. ಹಿಟ್ಟಿನ ಗಿರಣಿಯವನು ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡ್ರಿ," ಎಂದ. ನನಗೆ ಅಳು ಬಂತು. ನಾಚಿಕೆ ಬಿಟ್ಟು ಹೊಸ್ತಿಲ ಮೇಲೆಯೇ ಅತ್ತೆ.

ಆಗ ಮಗನ ಪಕ್ಕ ನಿಂತಿದ್ದ ತಿಪ್ಪಮ್ಮ, ಎರಡೂ ಕಿವಿ ಕೇಳದವರು, ನೆಲಕ್ಕೆ ಊರಿದ್ದ ಕೋಲನ್ನು ನೋಡಿಕೊಂಡು, "ಏನೋ ನಡುಗ್ತೈತಲ್ರೋ," ಎಂದರು.

ಸೇತುವೆಯ ಕಡೆಯಿಂದ ಗುಡುಗು ಬಂತು. ಕೆಂಪು ಕಾರು ತಿರುವಿನಲ್ಲಿ ಕಾಣಿಸಿತು, ಹಂಪುಗಳನ್ನು ಒಂದೊಂದಾಗಿ ಓರೆಯಾಗಿ ದಾಟಿತು, ಯಾವ ಅವಸರವೂ ಇಲ್ಲದೆ ಬಂದು ನನ್ನ ಮುಂದೆ ನಿಂತು, ಆರಿತು. ಎಡಬಾಗಿಲು ಮೇಲಕ್ಕೆ ಹೋಯಿತು. ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಗಾಳಿಗೆ ಕೂದಲು ಕೆದರಿದ ಸರ್ವಮಂಗಳ ಕೂತಿದ್ದಳು.

"ಹತ್ತೂವರೆಗೇ ಗುರ್ ಅಂತು," ಎಂದಳು. "ಸೀರೆ ಬದಲಾಯಿಸ್ಕೊಂಡು ಬರ್ತೀನಿ ತಡಿ ಅಂದೆ. ತಡೀತು."

ನಾನು ಕಣ್ಣೊರೆಸಿಕೊಂಡು ಕೈ ಚಾಚಿದೆ. ಅವಳು ಇಳಿಯಲಿಲ್ಲ. ಮುಂದಿನ ಗಾಜಿನಲ್ಲಿ ಬೀದಿಯನ್ನೇ ನೋಡುತ್ತಿದ್ದಳು. ಸೀಟಿನ ಮೇಲೆ ಬಣ್ಣ ಕಿತ್ತ ಜಾಗವನ್ನು ಬೆರಳಿನಿಂದ ಸವರಿದಳು.

"ಹೊಳೆ ಇಷ್ಟು ಹತ್ರ ಇರಬಾರದಿತ್ತು ಕಣ್ರಿ, ಕೂತೆ ಅನ್ನೋದ್ರಾಗೆ ಬಂದ್ಬಿಡ್ತು," ಎಂದಳು. "ನಾಳೆ ಇನ್ನೊಂದ್ಸಲ ಮಾರ್ರಿ. ಈ ಸಲ ದೂರದ ಊರೋರಿಗೆ."

"ಏನಂತ ಓದ್ಲಿ?" ಎಂದೆ.

"ಅದನ್ನೇ ಓದ್ರಿ," ಎಂದಳು ಸರ್ವಮಂಗಳ. "ಆ ಸುಳ್ಳು ಕೇಳೋಕೆ ಚೆನ್ನಾಗೈತೆ."